ಡ್ರೈವರ್ ಶುಕೂರನ ನಿದ್ದೆ

ಗುರುವಾಯನಕೆರೆ
17 ಜನವರಿ 2024

ಜಯಪ್ರಕಾಶನಿಗೆ,

ಕ್ಷೇಮ ಕೇಳಲು ಬರೆಯುತ್ತಿಲ್ಲ. ನಿನ್ನ ನಂಬರನ್ನು ಬ್ಲಾಕ್ ಮಾಡಿದ್ದೇನೆ, ಇನ್ನು ತೆಗೆಯುವುದಿಲ್ಲ. ಈ ಕವರನ್ನು ಸ್ಟ್ಯಾಂಡಿನ ಹತ್ತಿರ ಉಸ್ಮಾನನ ಹಣ್ಣಿನ ಅಂಗಡಿಯಲ್ಲಿ ಇಟ್ಟಿದ್ದೇನೆ. ಬಸ್ಸಿಗೆ ಕೊಟ್ಟ ಕವರನ್ನು ಬೇಡ ಎನ್ನುವ ಹಾಗಿಲ್ಲ, ಒಡೆದು ನೋಡುವ ಹಾಗಿಲ್ಲ, ಹೆಸರಿದ್ದವರಿಗೆ ಮುಟ್ಟಿಸಲೇಬೇಕು ಎಂದು ಊರಿಗೆಲ್ಲ ಹೇಳುತ್ತಿದ್ದ ಕಂಡಕ್ಟರ್ ನೀನೇ. ಇದರ ಮೇಲೆ ಇರುವುದು ನಿನ್ನ ಹೆಸರು. ತೆಗೆದುಕೋ.

ನಿನ್ನೆ ಬಸ್ಸಿನ ಧಣಿಗಳು ನನ್ನನ್ನು ಕರೆದು ಕುಳ್ಳಿರಿಸಿ ಚಹಾ ಕೊಟ್ಟರು. ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಚಹಾ ಕೊಡದ ಮನುಷ್ಯ ಕೊಟ್ಟಾಗಲೇ ನನಗೆ ಗೊತ್ತಾಗಬೇಕಿತ್ತು. "ಶುಕೂರ್, ನೀನು ಸ್ವಲ್ಪ ಸಮಯ ರೆಸ್ಟ್ ಮಾಡು" ಎಂದರು. ಯಾಕೆ ಎಂದು ಕೇಳಿದ್ದಕ್ಕೆ ಮೊಬೈಲ್ ತೋರಿಸಿದರು. ಮೂಡುಬಿದಿರೆ ಸ್ಟ್ಯಾಂಡಿನಲ್ಲಿ, ಮಧ್ಯಾಹ್ನ ಊಟದ ನಂತರ, ಬಸ್ಸಿನ ಹಿಂದಿನ ಸೀಟಿನಲ್ಲಿ ಬಾಯಿ ತೆರೆದು ಬಿದ್ದುಕೊಂಡಿರುವ ನಾನು. ಗೊರಕೆ. ಆಮೇಲೆ ಗೊರಕೆಯೂ ಇಲ್ಲ, ಏನೂ ಇಲ್ಲ. ಬರೀ ಒಂದು ದನಿ, "ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು" ಎಂದು ಎಣಿಸುತ್ತಾ ಉಂಟು. ಆ ದನಿಯನ್ನು ನಾನು ಕತ್ತಲಲ್ಲಿಯೂ ಗುರುತಿಸುತ್ತೇನೆ.

ಗೊರಕೆ ಹೊಡೆಯದ ಗಂಡಸು ಯಾರಿದ್ದಾನೆ ಮಾರಾಯ? ಬೆಳ್ತಂಗಡಿಯಿಂದ ಮೂಡುಬಿದಿರೆಗೆ ದಿನಕ್ಕೆ ನಾಲ್ಕು ಟ್ರಿಪ್ ಓಡಿಸುವವನಿಗೆ ಮಧ್ಯಾಹ್ನ ಒಂದು ಗಳಿಗೆ ಕಣ್ಣು ಹತ್ತಿದರೆ ಅದು ಅಪರಾಧವೋ? ಈ ಕೈಯಿಂದ ಯಾರಿಗಾದರೂ ಒಂದು ಗೀರು ತಾಗಿದ್ದುಂಟೋ? ನನ್ನ ಉಮ್ಮ ತೀರಿಕೊಂಡ ದಿನ ನನ್ನ ತಮ್ಮಂದಿರಿಗಿಂತ ಮೊದಲು ಬಂದು ಅಂಗಳದಲ್ಲಿ ಕುರ್ಚಿ ಹಾಕಿದವನು ನೀನು. ನನ್ನ ಮಗಳು ಉಝ್ಮಾಳ ಮದುವೆಯಲ್ಲಿ ನಿನ್ನದೇ ಮಗಳ ಮದುವೆ ಎಂಬಂತೆ ಓಡಾಡಿದವನು ನೀನು. ಕೊನೆಗೆ ಬೇಲಿಯೇ ಎದ್ದು ಹೊಲ ಮೇಯಿತು.

ಮನೆಗೆ ಬರಬೇಡ. ಶಹನಾಝಳಿಗೂ ಹೇಳಿದ್ದೇನೆ, ಬಂದರೆ ಬಾಗಿಲು ತೆರೆಯಬಾರದು ಎಂದು.

ಶುಕೂರ್


ವೇಣೂರು
20 ಜನವರಿ 2024

ಶುಕೂರ್,

ಎರಡು ದಿನ ಕವರನ್ನು ಟಿಕೆಟ್ ಬ್ಯಾಗಿನಲ್ಲೇ ಇಟ್ಟುಕೊಂಡು ತಿರುಗಿದೆ. ಉತ್ತರ ಬರೆಯಲು ಕುಳಿತರೆ ಕೈ ಓಡುವುದಿಲ್ಲ. ನಾವು ಹದಿನಾಲ್ಕು ವರ್ಷ ತುಳುವಿನಲ್ಲಿ ಬೈದಾಡಿಕೊಂಡವರು. ಕನ್ನಡದಲ್ಲಿ ಬರೆಯುವಾಗ ನಾನು ನಿನಗೆ ಅರ್ಜಿ ಹಾಕುತ್ತಿದ್ದೇನೆಯೋ ಎನಿಸುತ್ತದೆ.

ಹೌದು, ವಿಡಿಯೋ ತೆಗೆದವನು ನಾನೇ. ಕೊಟ್ಟವನೂ ನಾನೇ. ಆದರೆ ನಿನ್ನನ್ನು ತೆಗೆಯಿರಿ ಎಂದು ಹೇಳಲಿಲ್ಲ. ಎರಡು ತಿಂಗಳು ರಜೆ ಕೊಡಿ, ಮದ್ದು ಮಾಡಿಸಲಿ ಎಂದೆ. ಧಣಿಗಳು ಹೂಂ ಎಂದರು. ನಿನಗೆ ಏನು ಹೇಳಿದರು ಎಂಬುದು ನಿನ್ನ ಕಾಗದದಿಂದಲೇ ನನಗೆ ಗೊತ್ತಾದದ್ದು.

ಜನವರಿ ಹತ್ತರ ಬೆಳಿಗ್ಗೆ ನಿನಗೆ ನೆನಪಿಲ್ಲ, ನನಗೆ ನೆನಪುಂಟು. ಗೋಳಿಯಂಗಡಿಯ ತಿರುವಿನಲ್ಲಿ ಬಸ್ಸು ಮೆಲ್ಲ ಬಲಕ್ಕೆ ಹೋಯಿತು. ಎದುರಿನಿಂದ ಪಿಕಪ್. ನಾನು ವಿಸಿಲ್ ಊದಿದೆ, ಕೂಗಿದೆ, ಕೊನೆಗೆ ನಿನ್ನ ಭುಜಕ್ಕೆ ಗುದ್ದಿದೆ. ನೀನು ಸ್ಟೀರಿಂಗ್ ಎಳೆದುಕೊಂಡು "ಏನು ಮಾರಾಯ, ಅವನು ಹೇಗೆ ಬರ್ತಾನೆ ನೋಡು" ಎಂದೆ. ಅವನು ಅವನ ಬದಿಯಲ್ಲೇ ಇದ್ದ, ಶುಕೂರ್. ನಿನ್ನ ಕಣ್ಣು ತೆರೆದೇ ಇತ್ತು, ಆದರೆ ನೀನು ಇರಲಿಲ್ಲ. ಬಸ್ಸಿನಲ್ಲಿ ಅರುವತ್ತಕ್ಕೆ ಕಡಿಮೆ ಇಲ್ಲದಷ್ಟು ಮಕ್ಕಳು, ಮೂರನೇ ಸೀಟಿನಲ್ಲಿ ನನ್ನ ಮಗಳು ತೃಪ್ತಿ.

ನಾಲ್ಕು ವರ್ಷದಿಂದ ನಾನು ನಿನ್ನನ್ನು ನೋಡಿಕೊಂಡು ಬಂದಿದ್ದೇನೆ. ನಿನ್ನ ಕುತ್ತಿಗೆ ವಾಲಿದರೆ ಕಂಬಿಗೆ ನಾಣ್ಯದಿಂದ ಬಡಿಯುತ್ತಿದ್ದೆ. ಬಾಯಿಗೆ ಲವಂಗ ಹಾಕುತ್ತಿದ್ದೆ. ಗೇರ್ ಬಾಕ್ಸಿನ ಪಕ್ಕ ನಿಂತು ಊರಿನ ಸುದ್ದಿಯೆಲ್ಲ ಹೇಳುತ್ತಿದ್ದೆ, ಅದರಲ್ಲಿ ಅರ್ಧ ಸುಳ್ಳು. ಹೊರಗೆ ಒಬ್ಬರಿಗೂ ಬಿಟ್ಟುಕೊಟ್ಟವನಲ್ಲ. ಆ ದಿನ ಮಾತ್ರ ನನ್ನ ಕೈಯಿಂದ ಆಗಲಿಲ್ಲ.

ವಿಡಿಯೋವನ್ನು ಮೊದಲು ತೋರಿಸಿದ್ದು ನಮ್ಮ ಬಸ್ಸಿನಲ್ಲೇ ಆಸ್ಪತ್ರೆಗೆ ಹೋಗುವ ಶಶಿಪ್ರಭಾ ಸಿಸ್ಟರಿಗೆ. ಅವರು ಎರಡೆರಡು ಸಲ ಹಾಕಿ ನೋಡಿದರು. "ಇದು ಬರೀ ಗೊರಕೆ ಅಲ್ಲ ಜಯಪ್ರಕಾಶರೇ. ಇವರಿಗೆ ನಿದ್ದೆಯಲ್ಲಿ ಉಸಿರೇ ನಿಲ್ತಾ ಉಂಟು. ಸ್ಲೀಪ್ ಆಪ್ನಿಯಾ ಹೇಳುವುದು. ಬೇಗ ತೋರಿಸಲಿಕ್ಕೆ ಹೇಳಿ" ಎಂದರು. ನಿನಗೆ ಐದು ಸಲ ಹೇಳಿದೆ. ಐದು ಸಲವೂ ನಕ್ಕೆ ನೀನು.

ಬೈಯುವುದನ್ನು ಆಮೇಲೆ ಬೈ. ಮೊದಲು ಡಾಕ್ಟರಿಗೆ ತೋರಿಸು.

ಜಯಪ್ರಕಾಶ್


ಗುರುವಾಯನಕೆರೆ
4 ಮಾರ್ಚ್ 2024

ಜಯಪ್ರಕಾಶನಿಗೆ,

ನಿನ್ನ ಮಾತು ಕೇಳಿ ಹೋದದ್ದಲ್ಲ. ಧಣಿಗಳು ಡಾಕ್ಟರ ಕಾಗದ ತಂದರೆ ನೋಡುವ ಎಂದ ಕಾರಣ ಹೋದೆ.

ಮಂಗಳೂರಿನ ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿಸಿದರು. ತಲೆಗೆ, ಎದೆಗೆ, ಕಾಲಿಗೆ ವೈರು, ಬೆರಳಿಗೆ ಕ್ಲಿಪ್ಪು, ಮೂಗಿನಲ್ಲಿ ಕೊಳವೆ. ಇಷ್ಟು ಕಟ್ಟಿ "ಆರಾಮ ಮಲಗಿ" ಎನ್ನುತ್ತಾರೆ! ಬೆಳಿಗ್ಗೆ ಡಾಕ್ಟರು ಕಂಪ್ಯೂಟರ್ ತಿರುಗಿಸಿ ತೋರಿಸಿದರು. ಗಂಟೆಗೆ ನಲವತ್ತೊಂದು ಸಲ ನನ್ನ ಉಸಿರು ಕಟ್ಟುತ್ತದಂತೆ. ಮಲಗಿದಾಗ ಗಂಟಲಿನ ಒಳಗಿನ ಮಾಂಸ ಸಡಿಲವಾಗಿ ದಾರಿ ಮುಚ್ಚಿಕೊಳ್ಳುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಹೆದರಿ ನಮ್ಮನ್ನು ಎಬ್ಬಿಸುತ್ತದೆ, ಎದ್ದದ್ದು ನಮಗೆ ಗೊತ್ತಾಗುವುದೂ ಇಲ್ಲ. "ನೀವು ಮಲಗಿದ್ದೀರಿ ಅಂತ ತಿಳ್ಕೊಂಡಿದ್ದೀರಿ ಅಷ್ಟೇ. ನೀವು ವರ್ಷಗಳಿಂದ ಸರಿಯಾಗಿ ನಿದ್ದೆ ಮಾಡಿಯೇ ಇಲ್ಲ" ಎಂದರು. ಬೆಳಿಗ್ಗೆ ತಲೆನೋವು, ಏರಿದ ಬಿಪಿ, ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುವುದು, ಎಲ್ಲ ಇದರದೇ ಬಳಗ. ತೂಕ ಇಳಿಸಬೇಕು, ಮಗ್ಗುಲಾಗಿ ಮಲಗಬೇಕು. ಆದರೆ ನನ್ನಷ್ಟು ಬೆಳೆದ ಕಾಯಿಲೆಗೆ ಅದು ಸಾಲದು, ಮೆಷಿನ್ ಬೇಕೇ ಬೇಕು.

ಮೆಷಿನ್ ಬಂದಿದೆ. ಮುಖಕ್ಕೆ ಮುಖವಾಡ, ಅದಕ್ಕೆ ಒಂದು ಪೈಪು, ಪೈಪಿನಲ್ಲಿ ರಾತ್ರಿಯಿಡೀ ಗಾಳಿ ಒತ್ತಿ ಗಂಟಲನ್ನು ತೆರೆದಿಡುತ್ತದೆ. ಉಝ್ಮಾಳ ಮಗು ನೋಡಿ "ಉಪ್ಪಾಪನಿಗೆ ಸೊಂಡಿಲು" ಎಂದು ಚಪ್ಪಾಳೆ ತಟ್ಟಿತು. ನಾನೂ ನಕ್ಕೆ. ಒಳಗೆ ನಗು ಬರಲಿಲ್ಲ.

ಎಷ್ಟು ಗಂಟೆ ಹಾಕಿಕೊಂಡೆ, ಉಸಿರು ಎಷ್ಟು ಸಲ ನಿಂತಿತು ಎಂದು ಮೆಷಿನ್ ತಾನೇ ಬರೆದಿಟ್ಟುಕೊಳ್ಳುತ್ತದೆ. ತೊಂಬತ್ತು ರಾತ್ರಿಯ ದಾಖಲೆ ಸರಿ ಇದ್ದರೆ ಡಾಕ್ಟರು ಕಾಗದ ಕೊಡುತ್ತಾರೆ. ಕೊಟ್ಟ ದಿನ ನಾನು ನನ್ನ ಸೀಟಿನಲ್ಲಿ ಕುಳಿತುಕೊಳ್ಳುತ್ತೇನೆ. ನೀನು ಆಗ ಎಲ್ಲಿ ನಿಲ್ಲುತ್ತಿ ನಿಲ್ಲು.

ಶುಕೂರ್


ಗುರುವಾಯನಕೆರೆ
12 ಜೂನ್ 2024

ಪ್ರಿಯ ಜಯಪ್ರಕಾಶ,

ಮೂರು ತಿಂಗಳು ನಿನಗೆ ಬರೆಯಲಿಲ್ಲ. ನೀನು ಉಸ್ಮಾನನ ಅಂಗಡಿಯಲ್ಲಿ ಇಟ್ಟು ಹೋದ ನಾಲ್ಕು ಕವರುಗಳನ್ನೂ ಓದಿದ್ದೇನೆ. ಉತ್ತರ ಕೊಡುವ ಮನಸ್ಸಾಗಲಿಲ್ಲ, ಈಗ ಆಗಿದೆ.

ಡಾಕ್ಟರು ಖುಷಿಯಾಗಿದ್ದಾರೆ. ತೊಂಬತ್ತರಲ್ಲಿ ಎಂಬತ್ತು ರಾತ್ರಿ, ದಿನಕ್ಕೆ ಆರು ಗಂಟೆಗೆ ಕಡಿಮೆ ಇಲ್ಲ. ಉಪವಾಸದ ತಿಂಗಳಲ್ಲಿಯೂ ತಪ್ಪಿಸಿಲ್ಲ. ಗಂಟೆಗೆ ನಲವತ್ತೊಂದು ಇದ್ದದ್ದು ಎರಡಕ್ಕೆ ಇಳಿದಿದೆ. "ನಿಮ್ಮ ಹಾಗೆ ಹೇಳಿದ್ದು ಕೇಳುವ ಪೇಷಂಟ್ ಅಪರೂಪ" ಎಂದರು. ಫಿಟ್‌ನೆಸ್ ಕಾಗದ ಕೈಯಲ್ಲುಂಟು.

ಆದರೆ ಧಣಿಗಳಿಗೆ ಕಾಗದ ಸಾಲದಂತೆ. "ಜಯಪ್ರಕಾಶ ಹೂಂ ಅಂದ್ರೆ ನಾನು ಹೂಂ. ದೂರು ಹೇಳಿದವನೇ ಧೈರ್ಯ ಹೇಳಬೇಕು" ಎನ್ನುತ್ತಾರೆ. ಬಾಗಿಲು ಹಾಕಿದವನ ಕೈಯಲ್ಲೇ ಬೀಗದ ಕೈ. ನಾನು ಯಾರ ಹತ್ತಿರವೂ ಕೇಳಿದವನಲ್ಲ. ನಿನ್ನ ಹತ್ತಿರ ಕೇಳುತ್ತಿದ್ದೇನೆ. ಮನೆಯಲ್ಲಿ ಕುಳಿತು ಐದು ತಿಂಗಳಾಯಿತು. ಬೆಳಿಗ್ಗೆ ನಮ್ಮ ಬಸ್ಸಿನ ಹಾರ್ನ್ ಕೇಳುವಾಗ ನಾನು ಹಿತ್ತಿಲಿಗೆ ಹೋಗಿ ನಿಲ್ಲುತ್ತೇನೆ.

ಒಂದು ಮಾತು ಹೇಳು ಮಾರಾಯ.

ನಿನ್ನ ಶುಕೂರ್


ವೇಣೂರು
16 ಜೂನ್ 2024

ಶುಕೂರ,

ಹೇಳಿ ಬಂದೆ. ಧಣಿಗಳು ಕನ್ನಡಕ ತೆಗೆದಿಟ್ಟು ಒಂದೇ ಪ್ರಶ್ನೆ ಕೇಳಿದರು: "ನಿನ್ನ ಮಗಳನ್ನು ಆ ಬಸ್ಸಿನಲ್ಲಿ ಕಳಿಸ್ತಿಯಾ?" ನಾನು ಯೋಚಿಸಲಿಲ್ಲ. "ತೃಪ್ತಿ ದಿನಾ ಅದರಲ್ಲೇ ಕಾಲೇಜಿಗೆ ಹೋಗುವುದು. ಸೋಮವಾರವೂ ಹೋಗ್ತಾಳೆ" ಎಂದೆ. ಇಪ್ಪತ್ತನಾಲ್ಕನೇ ತಾರೀಕು ಸೋಮವಾರದಿಂದ ನೀನು ಬರಬಹುದು.

ಎರಡು ದಿನದಿಂದ ಮನೆಯಲ್ಲಿ ನನ್ನನ್ನು ತಮಾಷೆ ಮಾಡುತ್ತಿದ್ದಾರೆ, ಅಪ್ಪನಿಗೆ ಮದುವೆ ನಿಶ್ಚಯವಾದ ಹಾಗೆ ಕಾಣುತ್ತದೆ ಎಂದು. ಹೊಸ ವಿಸಿಲ್ ತೆಗೆದುಕೊಂಡಿದ್ದೇನೆ. ಇನ್ನು ನಾನು ಹಿಂದಿನ ಬಾಗಿಲಲ್ಲಿ ನಿಲ್ಲುವವನು. ನಿನ್ನನ್ನು ಕಾಯುವ ಕೆಲಸ ಮುಗಿಯಿತಲ್ಲ.

ನಂಬರ್ ಅನ್‌ಬ್ಲಾಕ್ ಮಾಡು.

ಜಯಪ್ರಕಾಶ್


ಗುರುವಾಯನಕೆರೆ
1 ಜುಲೈ 2024

ಜಯಪ್ರಕಾಶಣ್ಣನಿಗೆ ಶಹನಾಝ್ ಬರೆಯುವುದು.

ಬಸ್ಸಿಗೆ ಕೊಟ್ಟರೆ ಇವರ ಕಣ್ಣಿಗೇ ಬೀಳುತ್ತದೆ, ಹಾಗಾಗಿ ಅಂಚೆಗೆ ಹಾಕುತ್ತಿದ್ದೇನೆ. ಎಸ್ಸೆಸ್ಸೆಲ್ಸಿಯ ನಂತರ ಇಷ್ಟು ಉದ್ದ ಬರೆಯುವುದು ಇದೇ ಮೊದಲು. ತಪ್ಪಿದ್ದರೆ ಮನ್ನಿಸಿ.

ಮೆಷಿನ್ ಬಂದ ಮೊದಲ ವಾರ ಇವರು ಪ್ರಯತ್ನ ಮಾಡಿದರು, ಸುಳ್ಳು ಹೇಳಬಾರದು. ಹಾಕಿಕೊಂಡ ಹತ್ತು ನಿಮಿಷಕ್ಕೆ ಎದ್ದು ಕುಳಿತು ಮುಖವಾಡ ಕಿತ್ತು ಎಸೆಯುತ್ತಿದ್ದರು. "ಯಾರೋ ದಿಂಬು ಒತ್ತಿ ಹಿಡಿದ ಹಾಗೆ ಆಗ್ತದೆ" ಎನ್ನುತ್ತಿದ್ದರು. ಇವರು ಹೆದರಿದ್ದನ್ನು ನಾನು ನೋಡಿದ್ದು ಆಗಲೇ. ಆಸ್ಪತ್ರೆಗೆ ಫೋನ್ ಮಾಡಿ ಕೇಳುವ ಎಂದೆ. ಇಷ್ಟು ದೊಡ್ಡ ಗಂಡಸು ಗಾಳಿಗೆ ಹೆದರಿದ ಎಂದು ಊರಲ್ಲಿ ನಗುವುದು ಬೇಡ ಎಂದರು.

ಎಂಟನೇ ರಾತ್ರಿ ಇವರೇ ಉಪಾಯ ಹೇಳಿದ್ದು. "ಮೆಷಿನಿಗೆ ಬೇಕಾದದ್ದು ಒಂದು ಮೂಗು. ಅದು ಯಾರದ್ದು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ನಾನೂ ಜಯಪ್ರಕಾಶನೂ ತಡವಾಗಿ ಬಂದರೂ ಟೈಮ್ ಕೀಪರನ ಪುಸ್ತಕದಲ್ಲಿ ಸರಿಯಾದ ಟೈಮ್ ಬರೆಸುತ್ತಿರಲಿಲ್ಲವಾ? ಬಸ್ಸು ಊರಿಗೆ ತಲುಪಿತಲ್ಲ, ಹಾಗೆಯೇ ಇದು."

ಅಣ್ಣ, ಆ ಮುಖವಾಡ ಹಾಕಿಕೊಂಡು ಮಲಗಿದ್ದು ನಾನು. ಎಂಬತ್ತು ರಾತ್ರಿ. ರಂಝಾನಿನಲ್ಲಿ ಅಡುಗೆ ಮುಗಿಸಿ ಬಂದು ಹಾಕಿಕೊಂಡಿದ್ದೇನೆ, ಜ್ವರ ಬಂದಾಗಲೂ ಹಾಕಿಕೊಂಡಿದ್ದೇನೆ. ಡಾಕ್ಟರು ಹೊಗಳಿದ್ದು ನನ್ನ ಉಸಿರನ್ನು. ಪಕ್ಕದಲ್ಲಿ ಇವರು ಮೊದಲಿನ ಹಾಗೆಯೇ ಉಸಿರು ಕಟ್ಟಿ, ಮತ್ತೆ ಗಬಕ್ಕನೆ ಎದ್ದ ಹಾಗೆ ಮಾಡಿ, ಮತ್ತೆ ಕಟ್ಟಿ. ನಾನು ಮುಖವಾಡದ ಒಳಗಿಂದ ಕೇಳುತ್ತಾ ಬಿದ್ದಿರುತ್ತಿದ್ದೆ. ಜಾಸ್ತಿ ಹೊತ್ತು ಸುಮ್ಮನಾದರೆ ಕಾಲಿನಿಂದ ಒದೆಯುತ್ತಿದ್ದೆ.

ಗಂಡನ ಗುಟ್ಟು ಹೊರಗೆ ಹಾಕಿದವಳು ನಾನು ಎಂಬುದು ನನಗೆ ಗೊತ್ತುಂಟು. ಕೆಲಸ ಸಿಕ್ಕಿದರೆ ಮನೆಯಲ್ಲಿ ಸಿಟ್ಟು ಕಡಿಮೆಯಾಗುತ್ತದೆ ಎಂದು ಬಾಯಿ ಮುಚ್ಚಿ ಕುಳಿತಿದ್ದೆ. ನಿನ್ನೆ ಊಟ ಮಾಡುತ್ತಾ "ನನ್ನ ಮಾತಿನ ಮೇಲೆ ಜಯಪ್ರಕಾಶ ಮಗಳನ್ನು ನನ್ನ ಬಸ್ಸಿನಲ್ಲಿ ಕೂರಿಸಿದ್ದಾನೆ" ಎಂದು ಹೆಮ್ಮೆಯಿಂದ ಹೇಳಿದರು. ನಾನು ಬಟ್ಟಲು ಬಿಟ್ಟು ಎದ್ದು ಕಾಗದ, ಪೆನ್ನು ಹುಡುಕಿದೆ.

ನನ್ನ ಹೆಸರು ಹೇಳಿ. ಅಡಗಿಸುವುದು ಬೇಡ.

ಶಹನಾಝ್


ವೇಣೂರು
4 ಜುಲೈ 2024

ಶುಕೂರ್,

ನಿನ್ನೆ ಧಣಿಗಳ ಹತ್ತಿರ ಹೋಗಿ ಎಲ್ಲ ಹೇಳಿದೆ. ನೀನು ಇವತ್ತು ಬೆಳಿಗ್ಗೆ ಬರುವಷ್ಟರಲ್ಲಿ ಬೇರೆ ಡ್ರೈವರ್ ಕುಳಿತಿದ್ದ. ಕಾರಣ ನಿನಗೆ ಗೊತ್ತು. ಶಹನಾಝ್ ಹೇಳದಿದ್ದರೆ ನನಗೆ ಯಾವ ದಿನ ಗೊತ್ತಾಗುತ್ತಿತ್ತು, ಹೇಗೆ ಗೊತ್ತಾಗುತ್ತಿತ್ತು ಎಂದು ರಾತ್ರಿಯಿಡೀ ಯೋಚಿಸಿದೆ.

ನೀನು ನನ್ನನ್ನು ಬೇಲಿ ಎಂದೆ, ನುಂಗಿಕೊಂಡೆ. ಈಗ ನಿನ್ನನ್ನು ಏನೆಂದು ಕರೆಯಲಿ? ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕು ಎನ್ನಲೋ? ಬೆಕ್ಕಿನ ಹಿಂದೆ ಅರುವತ್ತು ಮಕ್ಕಳು ಇರುವುದಿಲ್ಲ. ಒಂಬತ್ತು ದಿನ ನಾನು ಹಿಂದಿನ ಬಾಗಿಲಲ್ಲಿ ಆರಾಮವಾಗಿ ನಿಂತಿದ್ದೆ. ನೀನು ವೇಣೂರಿನಲ್ಲಿ ಬಾಟಲಿ ನೀರನ್ನು ಮುಖಕ್ಕೆ ಹೊಡೆದುಕೊಳ್ಳುತ್ತಿದ್ದದ್ದನ್ನು ನೋಡಿದೆ. ಸೆಕೆ ಇರಬೇಕು ಎಂದುಕೊಂಡೆ. ಮಳೆಗಾಲದಲ್ಲಿ ಎಂಥ ಸೆಕೆ! ನಂಬಿದವನ ಕಣ್ಣಿಗೆ ಮಳೆಯೂ ಕಾಣುವುದಿಲ್ಲ.

ಮೊದಲಾದರೆ ನೀನು ತೂಕಡಿಸಿದರೆ ಹಿಡಿಯಲು ನಾನಿದ್ದೆ. ಈ ಸಲ ನೀನು ನನ್ನನ್ನೇ ಹಿಂದಕ್ಕೆ ಕಳಿಸಿದೆ, ಒಂದು ಸುಳ್ಳು ಕಾಗದ ತೋರಿಸಿ. ತೃಪ್ತಿ ಆ ಒಂಬತ್ತೂ ದಿನ ನಿನ್ನ ಬೆನ್ನ ಹಿಂದಿನ ಸೀಟಿನಲ್ಲಿ ಕುಳಿತಿದ್ದಳು. "ಶುಕೂರಾಕ ಬಂದದ್ದು ಖುಷಿ ಆಯಿತು ಅಪ್ಪ" ಎಂದಿದ್ದಳು.

ಧಣಿಗಳು ನನ್ನನ್ನೂ ತೆಗೆದಿದ್ದಾರೆ. "ಒಮ್ಮೆ ಬೇಡ ಅಂದವ ನೀನು, ಮತ್ತೆ ಬೇಕು ಅಂದವನೂ ನೀನು, ಈಗ ಪುನಃ ಬೇಡ ಅಂತಿ. ನಿನ್ನ ಯಾವ ಮಾತು ನಂಬಬೇಕು?" ಎಂದರು. ಬ್ಯಾಗು, ವಿಸಿಲ್ ಮೇಜಿನ ಮೇಲಿಟ್ಟು ಬಂದೆ.

ಶಹನಾಝಳನ್ನು ಬೈಯಬೇಡ. ಆ ಮನೆಯಲ್ಲಿ ನಿನ್ನನ್ನು ಜೀವಂತ ಇಟ್ಟದ್ದು ಅವಳ ಕಾಲು.

ಜಯಪ್ರಕಾಶ್


ಗುರುವಾಯನಕೆರೆ
29 ಆಗಸ್ಟ್ 2024

ಜಯಪ್ರಕಾಶ,

ನೀನು ಬೈಯಬೇಡ ಎಂದರೂ ಬೈದೆ. ಹತ್ತು ದಿನ ಬೈದೆ. ಹನ್ನೊಂದನೇ ದಿನ ಶಹನಾಝ್ ಬಟ್ಟೆ ತುಂಬಿಸಿಕೊಂಡು ಫರಂಗಿಪೇಟೆಗೆ, ತಾಯಿ ಪಾತುಮ್ಮನ ಮನೆಗೆ ಹೊರಟಳು. "ಮೆಷಿನ್ ಕಪಾಟಿನ ಮೇಲೆ ಉಂಟು. ನೀವು ಹಾಕಿ ಮಲಗಿದ ದಿನ ಬರ್ತೇನೆ. ಇನ್ನು ಒದೆಯಲಿಕ್ಕೆ ನನ್ನಿಂದ ಆಗುವುದಿಲ್ಲ" ಎಂದಳು.

ಒಬ್ಬನೇ ಮಲಗಲು ಹೆದರಿಕೆಯಾಯಿತು. ಅದನ್ನು ಬರೆಯಲು ನಾಚಿಕೆಯಿಲ್ಲ. ಮರುದಿನ ನಾನೇ ಮಂಗಳೂರಿಗೆ ಹೋಗಿ ಡಾಕ್ಟರ ಎದುರು ಎಲ್ಲ ಒಪ್ಪಿಕೊಂಡೆ. ಅವರು ಕಾಗದ ಹಿಂದಕ್ಕೆ ಪಡೆದರು, ಬೈಯಲಿಲ್ಲ. ಉಸಿರು ಕಟ್ಟಿದ ಹಾಗೆ ಆಗುವುದು ತುಂಬ ಜನಕ್ಕೆ ಉಂಟಂತೆ. ದೊಡ್ಡ ಮುಖವಾಡದ ಬದಲು ಮೂಗಿಗೆ ಮಾತ್ರ ಕೂರುವ ಚಿಕ್ಕದು ಕೊಟ್ಟರು. ಗಾಳಿ ಮೊದಲು ಮೆಲ್ಲಗೆ ಬಂದು ಆಮೇಲೆ ಏರುವ ಹಾಗೆ ಮಾಡಿದರು. ಹಗಲು ಟಿವಿ ನೋಡುತ್ತಾ ಹಾಕಿಕೊಂಡು ಅಭ್ಯಾಸ ಮಾಡಿ ಎಂದರು. ಇಷ್ಟೇ. ಮಾರ್ಚಿನಲ್ಲಿ ಒಂದು ಫೋನ್ ಮಾಡಿದ್ದರೆ ಸಾಕಿತ್ತು.

ಆರನೇ ರಾತ್ರಿ ಹಿಡಿಯಿತು. ಎದ್ದಾಗ ಬೆಳಕಾಗಿತ್ತು, ತಲೆನೋವಿರಲಿಲ್ಲ, ಒಮ್ಮೆಯೂ ಮೂತ್ರಕ್ಕೆ ಎದ್ದಿರಲಿಲ್ಲ. ಮಂಚದಲ್ಲಿ ಕುಳಿತು ಅತ್ತೆ. ಈಗ ಮೂವತ್ತೆಂಟು ರಾತ್ರಿ ಆಯಿತು. ಶಹನಾಝ್ ಬಂದಿದ್ದಾಳೆ. ಬೆಳಿಗ್ಗೆ ಎಬ್ಬಿಸಿದರೂ ಏಳುವುದಿಲ್ಲ. ಇಪ್ಪತ್ತು ವರ್ಷದಿಂದ ಅವಳಿಗೂ ನಿದ್ದೆ ಇರಲಿಲ್ಲ ಎಂಬುದು ನನಗೆ ಹೊಳೆದೇ ಇರಲಿಲ್ಲ.

ಹೋದ ವಾರ ಟಿಕೆಟ್ ತೆಗೆದುಕೊಂಡು ಮೂಡುಬಿದಿರೆಗೆ ಹೋಗಿ ಬಂದೆ. ಕಿಟಕಿಯ ಹತ್ತಿರ ಕುಳಿತಿದ್ದೆ. ಗೋಳಿಯಂಗಡಿ ದಾಟಿದ ಮೇಲೆ ಹಳದಿ ಬಣ್ಣದ ಒಂದು ಶಾಲೆ ಕಂಡಿತು, ರಸ್ತೆಯ ಪಕ್ಕದಲ್ಲೇ ಗೇಟು, ಗೇಟಿನಲ್ಲಿ ಮಕ್ಕಳು. ಇದು ಯಾವಾಗ ಆಯಿತು ಎಂದು ಪಕ್ಕದವರನ್ನು ಕೇಳಿದೆ. "ಮೂರು ವರ್ಷ ಆಯ್ತಲ್ಲ ಡ್ರೈವರೇ, ನೀವು ದಿನಾ ಇಲ್ಲೇ ನಿಲ್ಲಿಸ್ತಿದ್ದಿರಿ" ಎಂದರು. ಮೂರು ವರ್ಷ ದಿನಕ್ಕೆ ನಾಲ್ಕು ಸಲ ಅದರ ಮುಂದೆ ಬಸ್ಸು ನಿಲ್ಲಿಸಿದ್ದೇನೆ ಜಯಪ್ರಕಾಶ. ನಾನು ಆ ಶಾಲೆಯನ್ನು ನೋಡಿಯೇ ಇಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆದು ಹೋಗಿ ಗೇಟಿನ ಮೇಲಿದ್ದ ಶಾಲೆಯ ಹೆಸರು ಓದಿದೆ.

ನಿನಗೆ, ನಿನ್ನ ಮಗಳಿಗೆ ನಾನು ಮಾಡಿದ್ದಕ್ಕೆ ಕ್ಷಮೆ ಇಲ್ಲ, ಕೇಳುವುದೂ ಇಲ್ಲ. ನಿನ್ನ ಕೆಲಸ ಹೋದದ್ದು ನನ್ನಿಂದ. ಧಣಿಗಳ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದ್ದೇನೆ. ನಿನ್ನನ್ನು ಕರೆಯುತ್ತಾರಂತೆ. ನನಗೆ ಕರೆ ಬೇಡ, ಈ ಸಲ ನನ್ನ ಸ್ವಂತ ಉಸಿರಿನ ತೊಂಬತ್ತು ರಾತ್ರಿ ಆಗಲಿ.

ಆದರೆ ಒಂದು ಮಾತು ಬರೆಯದೆ ಇದ್ದರೆ ಈ ಕಾಗದವೂ ಸುಳ್ಳಾಗುತ್ತದೆ. ನೀನು ನಾಲ್ಕು ವರ್ಷ ನೋಡಿದೆ. ನಾಣ್ಯ ಬಡಿದೆ, ಲವಂಗ ಕೊಟ್ಟೆ, ಕಥೆ ಹೇಳಿದೆ, ಅದನ್ನು ಸ್ನೇಹ ಎಂದು ಎದೆ ತಟ್ಟಿಕೊಂಡು ನನಗೆ ಬರೆದೆ. ಗುರುತು ಪರಿಚಯ ಇಲ್ಲದ ಕಂಡಕ್ಟರ್ ಆಗಿದ್ದರೆ ಮೊದಲ ವಾರವೇ ದೂರು ಕೊಡುತ್ತಿದ್ದ. ನನ್ನ ಕೆಲಸ ಅಂದೇ ಹೋಗುತ್ತಿತ್ತು, ಮೆಷಿನ್ ಅಂದೇ ಬರುತ್ತಿತ್ತು. ನಾಲ್ಕು ವರ್ಷ ನಾನು ಎಷ್ಟು ಮಕ್ಕಳ ಮೇಲೆ ಬಸ್ಸು ಹರಿಸದೆ ಬಿಟ್ಟೆನೋ ಅದು ಅಲ್ಲಾಹನ ದಯೆ, ನಿನ್ನ ನಾಣ್ಯದ್ದಲ್ಲ. ಜನವರಿಯಲ್ಲಿ ನೀನು ಹೇಳಿದ್ದಕ್ಕೆ ನಿನ್ನನ್ನು ದ್ರೋಹಿ ಎಂದುಕೊಂಡೆ, ಅದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಅದಕ್ಕಿಂತ ಹಿಂದಿನ ನಾಲ್ಕು ವರ್ಷ ನೀನು ಹೇಳದೆ ಇದ್ದೆಯಲ್ಲ, ಅದಕ್ಕೆ ಈಗ ಸಿಟ್ಟು ಬರುತ್ತಿದೆ.

ಇದು ಹಳೆಯ ಸಿಟ್ಟಿನ ಹಾಗಲ್ಲ. ಚೆನ್ನಾಗಿ ನಿದ್ದೆ ಮಾಡಿ ಎದ್ದವನ ಸಿಟ್ಟು, ಬೇಗ ಇಳಿಯುವುದಿಲ್ಲ. ಇಳಿದ ದಿನ ನಾನೇ ವೇಣೂರಿಗೆ ಬರುತ್ತೇನೆ. ಅಲ್ಲಿಯವರೆಗೆ ನೀನು ಬರಬೇಡ.

ಶುಕೂರ್